‘ನಮ್ಮ ಬಗ್ಗೆ’ ಪುಟಕ್ಕೆ ಏನು ಬರೆಯಲಿ?

ಮಂಗಳವಾರ, ಅಂಗಡಿ ಮುಚ್ಚುವ ಹೊತ್ತು

ಮೌನಿ ಮಹಾಶಯರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಅಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು. ನೀವು ನಿಮ್ಮ ಅಕ್ಕನ ಮನೆಗೆ ಹೋಗಿ ವರ್ಷವಾಗುತ್ತ ಬಂತು. ಇಷ್ಟು ದಿನ ಬರೆಯದವಳು ಈಗ ಬರೆಯುತ್ತಿರುವುದು ಬರೀ ಅಂಗಡಿಯ ಕೆಲಸಕ್ಕೆ. ಬೇರೆ ಅರ್ಥ ಕಟ್ಟಬೇಡಿ.

ನಮ್ಮ ಗೊಂಬೆ ರಿಪೇರಿ ಅಂಗಡಿಗೆ ವೆಬ್‌ಸೈಟ್ ಮಾಡಿಸುತ್ತಿದ್ದೇನೆ. ನಗಬೇಡಿ. ಈಚೆಗೆ ಬಾಗಿಲ ಗಂಟೆ ಒಂದು ಸಲವೂ ಅಲ್ಲಾಡದ ದಿನಗಳಿವೆ. ಜನರ ಮನೆಗಳಲ್ಲಿ ಗೊಂಬೆಗಳು ಮುರಿಯುತ್ತಲೇ ಇವೆ, ಆದರೆ ಅವರು ಹುಡುಕುವುದು ಫೋನಿನಲ್ಲಿ, ಅಲ್ಲಿ ನಾವಿಲ್ಲ. ಈ ವರ್ಷವೂ ಹೀಗೇ ಆದರೆ ಅಪ್ಪ ಕಟ್ಟಿದ ಅಂಗಡಿಗೆ ಬೀಗ ಜಡಿಯುವುದೊಂದೇ ದಾರಿ. ಮಹಡಿಯ ಮೇಲೆ ಬಾಡಿಗೆಗೆ ಬಂದಿರುವ ಹುಡುಗಿಗೆ ಇದೇ ಕಸುಬು, ಅಂಗಡಿಗಳ ವೆಬ್‌ಸೈಟಿಗೆ ಏನೇನು ಹಾಕಬೇಕೆಂದು ಯೋಚಿಸಿ ಬರೆದುಕೊಡುವುದು. ಅವಳು ಸಂಜೆ ಬಂದು ನನ್ನೆದುರು ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ.

ಮೊದಲ ದಿನ ನಾನೇ ಜಂಬದಿಂದ ಒಂದು ಸಾಲು ಬರೆದಿಟ್ಟಿದ್ದೆ: ‘ಅತ್ಯುತ್ತಮ ಗುಣಮಟ್ಟ, ನಂಬಿಕೆಯ ಸೇವೆ.’ ಓದಿ ಅವಳು ಹೇಳಿದ್ದು, “ಆಂಟಿ, ಇದು ಟೂತ್‌ಪೇಸ್ಟ್ ಮಾರೋರಿಗೂ ಒಪ್ಪುತ್ತೆ. ನಿಮ್ಮಲ್ಲಿ ಮಾತ್ರ ಇರೋದು ಏನು, ಅದನ್ನ ಹೇಳಿ.” ಆಮೇಲೆ ಒಂದು ವಾರ ಅವಳು ಕೇಳಿದ್ದಕ್ಕೆಲ್ಲ ಉತ್ತರ ಹುಡುಕುವುದೇ ನನ್ನ ಕೆಲಸವಾಯಿತು. ಗಿರಾಕಿಗಳು ಒಳಗೆ ಬಂದಕೂಡಲೇ ಏನು ಕೇಳುತ್ತಾರೆ? ಯಾವ ಗೊಂಬೆಗೆ ನಾವು ‘ಆಗುವುದಿಲ್ಲ’ ಎನ್ನುತ್ತೇವೆ? ಇಷ್ಟು ವರ್ಷ ಕೂತ ಅಂಗಡಿಯನ್ನು ಹೊರಗಿನವಳಂತೆ ನೋಡಿದೆ. ಬರುವವರಲ್ಲಿ ಮಕ್ಕಳು ಕಡಿಮೆ, ದೊಡ್ಡವರೇ ಹೆಚ್ಚು, ಬೆಲೆ ಕೇಳುವ ಮೊದಲು ಅವರೆಲ್ಲ “ಎಷ್ಟು ದಿನ ಇಲ್ಲೇ ಬಿಡಬೇಕು?” ಎನ್ನುತ್ತಾರೆ, ಗೊಂಬೆಯನ್ನು ಕೈಯಿಂದ ಬಿಡುವುದೇ ಇಲ್ಲ. ನೀವು ಇದನ್ನು ಗಮನಿಸಿದ್ದಿರಾ? ಗಮನಿಸಿಯೇ ಇರುತ್ತೀರಿ. ಹೇಳಿರಲಿಲ್ಲ, ಅಷ್ಟೆ.

ಫೋಟೋಗಳಾದವು. ಗಾಜಿನ ಕಣ್ಣುಗಳ ಡ್ರಾಯರ್ ಕಂಡು ಹುಡುಗಿ ಮೊದಲು ಹೌಹಾರಿದಳು, ಆಮೇಲೆ ಅದನ್ನೇ ಮೊದಲ ಪುಟಕ್ಕೆ ಹಾಕೋಣವೆಂದು ಕುಣಿದಳು. ಎಲ್ಲ ಸಲೀಸಾಗಿ ನಡೆಯಿತು, ‘ನಮ್ಮ ಬಗ್ಗೆ’ ಎಂಬ ಪುಟ ಬರುವ ತನಕ.

ನೀವು ಈ ಅಂಗಡಿಗೆ ಬಂದ ಕಥೆಯನ್ನು ನಾನು ಯಾವಾಗಲೂ ಹೇಳುವ ಹಾಗೇ ಹೇಳಿದೆ. ಅಪ್ಪನ ಕೈಕೆಳಗೆ ನಾನು ಬಟ್ಟೆಗೊಂಬೆ ಹೊಲಿಯುತ್ತಿದ್ದೆ. ಅಕ್ಕನ ಮಗನದೆಂದು ನೀವು ಒಂದು ನೀಲಿ ರೈಲು ತಂದಿರಿ, ಕೀ ಕೊಟ್ಟರೆ ಓಡುವಂಥದ್ದು, ಓಡುತ್ತಿರಲಿಲ್ಲ. ಆಯಿತೇ ಎಂದು ಕೇಳಲು ದಿನಾ ಬಂದಿರಿ. ಗಡಿಯಾರದಂಗಡಿಯಲ್ಲಿ ಸ್ಪ್ರಿಂಗ್ ಕೆಲಸ ಮಾಡುವವರೆಂದು ತಿಳಿದು ಅಪ್ಪ ನಿಮ್ಮನ್ನು ಇಲ್ಲಿಗೇ ಸೇರಿಸಿಕೊಂಡರು.

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. “ಆಂಟಿ, ಅಂಕಲ್‌ಗೆ ಸ್ಪ್ರಿಂಗ್ ಕೆಲಸ ಅಷ್ಟು ಚೆನ್ನಾಗಿ ಬರೋದಾದ್ರೆ ಆ ರೈಲನ್ನ ರಿಪೇರಿಗೆ ಯಾಕೆ ತಂದ್ರು?”

ತಲೆಗೆ ಹುಳ ಬಿಟ್ಟಳು ನೋಡಿ! ಇಷ್ಟು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅನ್ನಕ್ಕಿಟ್ಟ ನೀರು ಬತ್ತಿಹೋಗುವವರೆಗೂ ಅದನ್ನೇ ಯೋಚಿಸುತ್ತ ನಿಂತಿದ್ದೆ. ಮರುದಿನ ಅತ್ತಿಗೆಗೆ ಫೋನ್ ಮಾಡಿದ್ದು ಅದಕ್ಕೇ. ಅವರು, “ಯಾವ ರೈಲಮ್ಮಾ? ನಮ್ಮವನಿಗೆ ಚೆಂಡು ಬಿಟ್ರೆ ಬೇರೆ ಆಟದ ಸಾಮಾನು ಬೇಕೇ ಇರ್ಲಿಲ್ಲ” ಅಂದರು. ನೀವು ಪಕ್ಕದಲ್ಲೇ ಕೂತಿದ್ದಿರಂತೆ. ಎದ್ದು ಹೊರಗೆ ಹೋದಿರಂತೆ.

ಅಷ್ಟರಲ್ಲಿ ಹುಡುಗಿ, ಹಳೆಯ ಗಿರಾಕಿಗಳ ನೆನಪು ಬೇಕೆಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು. ಅದನ್ನು ಓದಿ ಒಳಗೆ ಬಂದವರು ನಮ್ಮ ಬೀದಿಯ ಮೂಲೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಯಜಮಾನರು. ಈಗ ಕೋಲು ಹಿಡಿದಿದ್ದಾರೆ, ನೆನಪು ಮಾತ್ರ ಗಟ್ಟಿ. ರೈಲಿನ ಮಾತೆತ್ತಿದ್ದೇ ತಡ, ಕೂತಲ್ಲೇ ನಗತೊಡಗಿದರು.

“ಆ ರೈಲು ಮಾರಿದ್ದು ನಾನೇ ಅಲ್ವೇನಮ್ಮಾ! ಅಂಗಡಿಯೆಲ್ಲ ಸುತ್ತಿ, ಕೊನೆಗೆ ನನ್ನ ಹತ್ರ ಬಂದು ಮೆತ್ತಗೆ ಕೇಳಿದ, ‘ಇದರಲ್ಲಿ ಯಾವುದು ಬೇಗ ಕೆಡುತ್ತೆ?’ ಅಂತ. ನನಗೆ ಮೈಯೆಲ್ಲ ಉರಿದುಹೋಯ್ತು. ನಮ್ಮ ಮಾಲು ಯಾವುದೂ ಕೆಡಲ್ಲಪ್ಪಾ ಅಂದೆ. ಮುಖ ಸಪ್ಪಗೆ ಮಾಡ್ಕೊಂಡ. ಆದ್ರೂ ತಗೊಂಡು ಹೋದ. ಮಾರನೇ ದಿನ ನೋಡಿದ್ರೆ ಅದೇ ರೈಲು ಹಿಡ್ಕೊಂಡು ನಿಮ್ಮ ಅಂಗಡಿ ಮುಂದೆ ನಿಂತಿದ್ದ, ಒಳಗೆ ಹೋಗೋಕೆ ಧೈರ್ಯ ಸಾಲದೆ.”

ಹುಡುಗಿ ಚಪ್ಪಾಳೆ ತಟ್ಟಿದಳು. ನಾನೂ ನಕ್ಕೆ. ಆಮೇಲೆ ಅಂಟು ತರುವ ನೆಪ ಮಾಡಿ ಹಿಂದಿನ ಕೋಣೆಗೆ ಹೋಗಿ ನಿಮ್ಮ ಬೆಂಚಿನ ಮೇಲೆ ಕೂತೆ.

ಹೋದ ವರ್ಷ ನಾನು ಹೊಸ ಪ್ಲಾಸ್ಟಿಕ್ ಸಾಮಾನು ತಂದು ಮಾರೋಣವೆಂದಾಗ ನೀವು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಿಮ್ಮ ಮನಸ್ಸಿನಲ್ಲಿ ಏನೂ ಇಲ್ಲ, ಇದ್ದಿದ್ದರೆ ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಹೊರಗೆ ಬರುತ್ತಿತ್ತು ಎಂದು ನಾನು ಕೂಗಾಡಿದೆ. ನೀವು ಚೀಲ ತುಂಬಿಕೊಂಡಿರಿ. ಯಾರದು ಸರಿ, ಯಾರದು ತಪ್ಪು ಎಂಬ ಲೆಕ್ಕ ಈಗ ಬೇಡ. ನನಗೆ ಬೇಕಾಗಿರುವುದು ಬೇರೆ. ಕೆಡದ ರೈಲನ್ನು ಹೇಗೆ ಕೆಡಿಸಿದಿರಿ? ಒಂದು ರಾತ್ರಿ ಪೂರ್ತಿ ಹಿಡಿಯಿತೇ? ಅಪ್ಪನಿಗೆ ಗೊತ್ತಾಗಿತ್ತೇ? ಒಳಗೆ ಬರುವ ಮೊದಲು ಏನು ಹೇಳಬೇಕೆಂದು ಅಭ್ಯಾಸ ಮಾಡಿದ್ದಿರೇ? ಏಕೆಂದರೆ ನೀವು ಬಂದು ಹೇಳಿದ್ದು “ಓಡ್ತಿಲ್ಲ” ಅಂತ, ಒಂದೇ ಮಾತು.

ಸದ್ಯಕ್ಕೆ ಆ ಪುಟಕ್ಕೆ ಹೀಗೆ ಬರೆದುಕೊಟ್ಟಿದ್ದೇನೆ: ‘ಈ ಅಂಗಡಿಯಲ್ಲಿ ಇಬ್ಬರಿದ್ದಾರೆ. ಒಬ್ಬಳು ಹೊಲಿಯುತ್ತಾಳೆ, ಮಾತಾಡುತ್ತಾಳೆ. ಇನ್ನೊಬ್ಬರು ಸ್ಪ್ರಿಂಗ್ ಸರಿಮಾಡುತ್ತಾರೆ.’ “ಆಂಟಿ, ಇದು ನಿಜಾನಾ?” ಎಂದು ಹುಡುಗಿ ಕೇಳಿದಳು. ಅಂಗಡಿಯ ಬೋರ್ಡಿನ ಹಾಗಲ್ಲವಲ್ಲ, ತಪ್ಪಿದ್ದರೆ ಆಮೇಲೆ ತಿದ್ದಬಹುದು ಎಂದೆ. ತಿದ್ದಬೇಕೋ ಬೇಡವೋ ನೀವು ಹೇಳಬೇಕು. ಶನಿವಾರ ಆ ಪುಟಕ್ಕೆಂದು ಹುಡುಗಿ ನಿಮ್ಮ ಬೆಂಚಿನ ಫೋಟೋ ತೆಗೆಯುತ್ತಾಳೆ. ಖಾಲಿ ಬೆಂಚು ಚೆನ್ನಾಗಿ ಕಾಣುವುದಿಲ್ಲವಂತೆ.

ಇತಿ,
ನಿಮ್ಮ ಬಾಯಿಬಡುಕಿ

ಮರೆತಿದ್ದೆ: ‘ಸಂಪರ್ಕಿಸಿ’ ಎಂಬ ಪುಟದಲ್ಲಿ ಸ್ಪ್ರಿಂಗ್ ಗೊಂಬೆಗಳ ವಿಚಾರಕ್ಕೆ ನಿಮ್ಮ ನಂಬರ್ ಹಾಕಿಸಿಬಿಟ್ಟಿದ್ದೇನೆ. ಆ ಪುಟ ನಿನ್ನೆಯಿಂದಲೇ ಎಲ್ಲರಿಗೂ ಕಾಣುತ್ತಿದೆ. ಗೊತ್ತಿಲ್ಲದ ನಂಬರಿನಿಂದ ನಿಮಗೆ ಎರಡು ಸಲ ಫೋನ್ ಬಂದು, ನೀವು ಹಲೋ ಅಂದಕೂಡಲೇ ಕಟ್ ಆಯಿತಲ್ಲ, ಅದು ಗಿರಾಕಿಯಲ್ಲ. ಹುಡುಗಿಯ ಫೋನಿನಿಂದ ನಾನೇ ಮಾಡಿದ್ದು, ನಂಬರ್ ಸರಿಯಿದೆಯೇ ನೋಡಲು. ಮೊದಲ ಸಲವೇ ಗೊತ್ತಾಗಿತ್ತು, ಸರಿಯಿದೆ.