ನಾಲ್ಕು ವರ್ಷದ ಮುತ್ತಜ್ಜ

ಲಿಂಡೆನ್‌ಬಾಕ್, ಜರ್ಮನಿ
ನವೆಂಬರ್ 1974

ಪ್ರೀತಿಯ ಎರ್ವಿನಣ್ಣನಿಗೆ,

ಪೆನ್ಸಿಲ್ವೇನಿಯಕ್ಕೆ ಬಂದ ನಮ್ಮ ಮೂಲಪುರುಷ ಫೆಲ್ಟನ್ ಹೌಕ್ ಈ ಊರಿನವನೆಂಬುದಕ್ಕೆ ಅಪ್ಪ ನಲವತ್ತು ವರ್ಷ ಹುಡುಕಿದ ಪುರಾವೆ ಇವತ್ತು ಚರ್ಚಿನ ದಫ್ತರದಲ್ಲಿ ಸಿಕ್ಕಿತು. ಅದೇ ಹೆಸರು, ಅದೇ ತಂದೆತಾಯಿ, 1731ರ ಜನನ. ಖುಷಿಗೆ ಕೂಗಿಯೇಬಿಟ್ಟೆ. ಪಾದ್ರಿಗಳು ಸಾವಿನ ದಾಖಲೆಯ ಪುಟ ತೆಗೆದು ಬೆರಳಿಟ್ಟರು. "ಈ ಮಗು ಎಲ್ಲಿಗೂ ಹೋಗಿಲ್ಲಮ್ಮ. ನಾಲ್ಕು ವರ್ಷಕ್ಕೇ ಸಿಡುಬು ಬಂದು ತೀರ್ಕೊಂಡಿದೆ. ಇಲ್ಲೇ ಹಿತ್ತಲಲ್ಲಿ ಮಣ್ಣು ಮಾಡಿದಾರೆ."

ಪೆನ್ಸಿಲ್ವೇನಿಯದಲ್ಲಿ ಹಡಗಿನಿಂದಿಳಿದು ಈ ಸತ್ತ ಮಗುವಿನ ಹೆಸರು ಬರೆಸಿದವನು ಯಾರೋ, ಅವರಿಗೂ ತಿಳಿಯದು.

ಇಲ್ಲಿ ವಿಪರೀತ ಚಳಿ, ನನ್ನ ಕೆಮ್ಮು ಬಿಟ್ಟಿಲ್ಲ. ಈ ಕಾರ್ಡನ್ನು ಅಪ್ಪನಿರುವ ಆಸ್ಪತ್ರೆಗೆ ಒಯ್ಯಬೇಡ. ಅಪ್ಪ ಕೇಳಿದರೆ ಫೆಲ್ಟನ್ ಸಿಕ್ಕಿದ ಎಂದಷ್ಟೇ ಹೇಳು. ಅದೇನೂ ಸುಳ್ಳಲ್ಲ.

ಅವಸರದಲ್ಲಿ,
ಲೊರೇನ್