ಪಾಯಸದ ಪಾತ್ರೆಯಲ್ಲಿ ವೈನು

ದಾಂಡೇಲಿ, ೨೪ ಡಿಸೆಂಬರ್ ೧೯೬೨, ಸೋಮವಾರ

ಸೀಗೆಪುಡಿ ಹಚ್ಚಿ ತೊಳೆದರೂ ಕೈಯಿಂದ ಆ ಹುಳಿ ನಾತ ಹೋಗುತ್ತಿಲ್ಲ. ಹೇಸಿಕೆ.

ನಮ್ಮ ಯಜಮಾನರ ಬಡ್ತಿ ಅವರ ಸಾಹೇಬರ ಕೈಯಲ್ಲಿದೆಯಂತೆ. ಸಾಹೇಬರು ಸಂಜೆ ಮನೆಗೆ ಬರುವವರಿದ್ದರು. ಇವರು ಗೋವೆಯ ವೈನು ತಂದು ಒಲೆಯ ಪಕ್ಕ ಇಟ್ಟರು.

"ಲವಂಗ, ದಾಲ್ಚಿನ್ನಿ, ಸಕ್ರಿ, ಕಿತ್ತಳಿ ಸಿಪ್ಪಿ ಹಾಕಿ ಬಿಸಿ ಮಾಡು. ಕುದಿಸಬ್ಯಾಡ."

ಸೋಮವಾರ. ಅದೂ ಪಾಯಸ ಮಾಡುವ ಪಾತ್ರೆಯಲ್ಲಿ. ಹೇಳಿದಂತೆ ಮಾಡಿದೆ. ಆವಿ ಮುಖಕ್ಕೆ ಬಡಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಸಾಹೇಬರು ಮಾತಾಡುತ್ತಾ ಅರ್ಧ ಕುಡಿದು, "ಕರಿಬಸಪ್ಪ, ಇದು ಆರಿ ಹೋತಲ್ಲೋ," ಎಂದು ಲೋಟ ಸರಿಸಿದರು. ಇವರು ಆ ಎಂಜಲು ಲೋಟವನ್ನೇ ಎತ್ತಿ, "ಚೆಲ್ಲೂದು ಬ್ಯಾಡ್ರಿ ಸಾಹೇಬ್ರ," ಎಂದು ಹಲ್ಲುಗಿಂಜಿ ಕುಡಿದುಬಿಟ್ಟರು! ರಂಜಾನಿಗೆ ಪಕ್ಕದ ಮನೆಯ ಬೀಬಿಜಾನ ಪ್ರೀತಿಯಿಂದ ಕಳಿಸಿದ ಶ್ಯಾವಿಗೆ ಖೀರನ್ನು ಮೈಲಿಗೆಯೆಂದು ಚೆಲ್ಲಿಸಿದ ಮನುಷ್ಯ. ಕೊರಳಲ್ಲಿ ಲಿಂಗ ಬೇರೆ.

ಸಾಹೇಬರು ಹೋದ ಮೇಲೆ ಇವರು ಒಳಗೆ ಇಣುಕಿದರು. "ಹೊಸ ವರ್ಷಕ್ಕ ಮತ್ತ ಬರ್ತಾರಂತ. ಇನ್ನಷ್ಟು ಮಾಡಬೇಕು."

"ಪಾತ್ರಿ ಹಿತ್ತಲದಾಗ ಒಗದೇನ್ರಿ. ಬೇಕಾದ್ರ ನೀವ ತಂದು, ನೀವ ಮಾಡ್ರಿ," ಎಂದೆ.

ಬೈಯುತ್ತಾರೆಂದುಕೊಂಡೆ. ಬಾಯಿ ಒರೆಸಿಕೊಂಡು ಹೋಗಿ ಮಲಗಿದರು.

ನಾನು ಅಡುಗೆಮನೆಯಲ್ಲೇ ಚಾಪೆ ಹಾಸಿದ್ದೇನೆ. ಬೆಳಿಗ್ಗೆ ಅದೇ ಬಾಯಿಂದ ವಚನ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಕೇಳಬೇಕು.