ಜಾಲಿಮರದ ಕಣಜ, ನಿನ್ನ ಮೂಗು

ಲೋ ಫಿದೆನ್ಸಿಯೋ ಅಣ್ಣಾ,

ನನ್ನ ನಂಬರ್ ಬ್ಲಾಕ್ ಮಾಡಿದೀಯಲ್ಲ, ಅದಕ್ಕೇ ಈ ಚೀಟಿ. ಪೆನ್ ಹಿಡಿದು ಕೈ ನೋಯ್ತಿದೆ!

ಪಕ್ಕದ್ಮನೆ ಎಲಾದಿಯೋ ಮಾವ ನಾಳೆ ಬೇಲಿ ಹತ್ರದ ಜಾಲಿಮರ ಕಡಿಸ್ತಾರಂತೆ. ಹಬ್ಬಕ್ಕೆ ಮರಿಹುಳ ಹುರಿದು ತಿನ್ನೋಕಂತ ತಾತ ಸಾಕಿದ ಕಣಜದ ಗೂಡು ಅದರಲ್ಲೇ ಇದೆ! ಇವತ್ತು ಸಂಜೆ ಕಣಜ ಎಲ್ಲಾ ಗೂಡು ಸೇರಿದ ಮೇಲೆ ಕೊಂಬೆ ಸಮೇತ ಕೊಯ್ದು ನಮ್ಮ ನಿಂಬೆಗಿಡಕ್ಕೆ ಕಟ್ಟಬೇಕು. ಹಿಡಿಯೋಕೆ ಒಬ್ರು, ಕೊಯ್ಯೋಕೆ ಒಬ್ರು. ತಾತನ ಮಂಡಿನೋವು ನಿನಗೆ ಗೊತ್ತಲ್ಲ. ಉಳಿದಿದ್ದು ನಾವಿಬ್ರೇ.

ಆದ್ರೆ ತಾತ ಬೆಳಿಗ್ಗೆನೇ ಹೇಳಿಬಿಟ್ರು: "ಜಗಳ ಆಡಿದೋರು ಗೂಡು ಮುಟ್ಟಿದ್ರೆ ಕಣಜ ಸುಮ್ನೆ ಬಿಡಲ್ಲ. ಮೊದಲು ರಾಜಿ ಆಗ್ರಿ." ನಮ್ಮ ಕಾಲೇಜಲ್ಲಿ ಮೇಷ್ಟ್ರೂ ಅದನ್ನೇ ಹೇಳ್ತಾರೆ ಕಣೋ, ಸಿಟ್ಟಲ್ಲಿ ಬುಸುಗುಟ್ಟಿದ್ರೆ, ಕೈ ಬೀಸಿದ್ರೆ ಕುಟುಕ್ತವಂತೆ. ಮೊನ್ನೆ ಕೋಲು ಬೀಸಿದ್ದಕ್ಕೇ ನಿನ್ನ ಮೂಗು ಬದನೆಕಾಯಿ ಆಗಿದ್ದು!

ನಾನು ಹಾಕಿದ್ದ ಆ ಮೂಗಿನ ಫೋಟೋನ ಕ್ಲಾಸ್ ಗ್ರೂಪಿಂದ ತೆಗೆದೆ. ನಿಜವಾಗ್ಲೂ. ಅಷ್ಟರಲ್ಲಿ ಎಲ್ರೂ ನೋಡಿಬಿಟ್ಟಿದ್ರು, ತಪ್ಪಾಯ್ತು ಕಣೋ.

ಒಲೆ ಮೇಲೆ ತಮಾಲೆ ಕಡುಬು ಇದೆ, ಖಾರದ್ದೆಲ್ಲಾ ನಿನಗೇ. ಗರಗಸ ಹುಡುಕಿಡು. ಅಯ್ಯೋ, ಬಸ್ ಹಾರ್ನ್ ಹೊಡೀತಿದೆ!

ನಾನು ಬರೋಷ್ಟರಲ್ಲಿ ಬ್ಲಾಕ್ ತೆಗೆದಿರು. ನಾವು ರಾಜಿ ಆಗ್ಲಿಲ್ಲ ಅಂದ್ರೆ ತಾತ ತಾವೇ ಏಣಿ ಹತ್ತಿಬಿಡ್ತಾರೆ. ಆಗ್ಲೇ ಏಣಿ ತಂದು ಮರಕ್ಕೆ ಒರಗಿಸಿಟ್ಟಿದಾರೆ.

ರೊಸೆಂದಾ